ಗಿರೀಶನಿಗೆ, ಕಣ್ಣುಗುಡ್ಡೆ ಅಪ್ಪನ ವಿಷಯ

ಪ್ರೀತಿಯ ಗಿರೀಶ,

'ಕಿತಾರೊ ತಾಂಜೋ: ಗೆಗೆಗೆ ನೊ ನಾಜೊ' ಅನ್ನೋ ಜಪಾನಿ ಅನಿಮೆ (ಕಾರ್ಟೂನ್) ಸಿನಿಮಾ ನೋಡಿ ನೀನು ಕಳಿಸಿದ ಮೆಸೇಜು ನೋಡಿದೆ. "ಸಿನಿಮಾ ಮುಗೀತು. ಅಳು ಬಂತು. ಆ ಕಿಮೋನೊ ಹಾಕಿದ ಎತ್ತರದ ಮನುಷ್ಯನೇ ಆಮೇಲೆ ಆ ಪುಟಾಣಿ ಕಣ್ಣುಗುಡ್ಡೆ ಆಗೋದಾ? ಇನ್ನು ಎಲ್ಲಿಂದ ಶುರು ಮಾಡ್ಲಿ ಹೇಳು" ಅಂತ ಕೇಳಿದ್ದೀಯ. ಹೌದು ಕಣೋ, ಅವನೇ. ಕಥೆಯ ನಾಯಕ, ಗೋರಿಯಲ್ಲಿ ಹುಟ್ಟಿದ ಒಂಟಿಗಣ್ಣಿನ ಹುಡುಗ ಕಿತಾರೊನ ಅಪ್ಪ ಅವನೇ. ಎರಡನೇ ಪ್ರಶ್ನೆಗೆ ಮಾತ್ರ ಮೆಸೇಜಿನಲ್ಲಿ ಉತ್ತರ ಬರೆಯೋಕೆ ಆಗಲಿಲ್ಲ. ಅದಕ್ಕೇ ಈ ಪತ್ರ. ಇದನ್ನೇ ಇನ್ನೂ ಇಬ್ಬರು ಮೂವರು ಕೇಳಿದ್ದರಿಂದ ಎಲ್ಲರಿಗೂ ಕಾಣೋ ಹಾಗೆ ಹಾಕುತ್ತಿದ್ದೇನೆ. ಬೇಜಾರಿಲ್ಲ ತಾನೆ?

'ಗೆಗೆಗೆ ನೊ ಕಿತಾರೊ' ಅಂತ ಹುಡುಕಿದರೆ ನಿನಗೆ ತಲೆ ತಿರುಗುತ್ತದೆ. 1968ರಿಂದ 2020ರ ತನಕ ಟಿವಿಯಲ್ಲಿ ಆರು ಅನಿಮೆ ಸರಣಿ ಬಂದಿವೆ. ಎಲ್ಲಾ ಕೂಡಿದರೆ ಐನೂರಕ್ಕೂ ಜಾಸ್ತಿ ಕಂತು. ಅದರ ಮೇಲೆ ಹನ್ನೊಂದು ಕಂತಿನ ಒಂದು ತಡರಾತ್ರಿ ಸರಣಿ. ಆಮೇಲೆ ಅನಿಮೆ ಸಿನಿಮಾಗಳು, ನಟರನ್ನು ಹಾಕಿ ತೆಗೆದ ಸಿನಿಮಾಗಳು, ಗೇಮುಗಳು. ಮೂಲದ ಮಂಗಾ (ಜಪಾನಿ ಕಾಮಿಕ್ಸ್) ಕೂಡ ಬೇರೆ ಬೇರೆ ಪತ್ರಿಕೆಗಳಲ್ಲಿ, ಬೇರೆ ಬೇರೆ ಹೆಸರಲ್ಲಿ ಬಂದಿದ್ದು. ನಿನ್ನನ್ನು ಬಲ್ಲೆ. ಒಂದನೇ ಕಂತಿನಿಂದ ಹಿಡಿದು ಕೊನೇವರೆಗೂ ನೋಡಿ ಮುಗಿಸುತ್ತೇನೆ ಅಂತ ಕೂರುತ್ತೀಯ. ಆ ಹಟ ಬಿಟ್ಟುಬಿಡು.

ನಮ್ಮೂರಲ್ಲಿ ಯಕ್ಷಗಾನದ ಆಟ ನೋಡೋಕೆ ಹೋಗುತ್ತಿದ್ದೆವಲ್ಲ, ನೆನಪಿದೆಯಾ? ಅದೇ ಪ್ರಸಂಗವನ್ನು ಈ ವರ್ಷ ಒಂದು ಮೇಳ ಆಡುತ್ತದೆ, ಮುಂದಿನ ವರ್ಷ ಇನ್ನೊಂದು ಮೇಳ. ಹೋದ ಸಲದ ಆಟ ನೋಡದಿದ್ದರೆ ಈ ಸಲದ್ದು ಅರ್ಥವಾಗಲ್ಲ ಅಂತ ಯಾರೂ ಹೇಳಲ್ಲ. ಕಿತಾರೊ ಕೂಡ ಹಾಗೇ. ಎರಡನೇ ಸರಣಿಯೊಂದು ಮೊದಲನೆಯದರ ಮುಂದುವರಿಕೆ. ಉಳಿದವೆಲ್ಲ ಹೊಸ ಮೇಳ, ಹೊಸ ಆಟ. ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಹೊಸ ಮಕ್ಕಳಿಗೆ ಕಥೆಯನ್ನು ಮತ್ತೆ ಮೊದಲಿಂದ ಹೇಳಿದ್ದಾರೆ. ಪ್ರಸಂಗ ಬರೆದವರು ಮಾತ್ರ ಒಬ್ಬರೇ, ಮಿಜುಕಿ ಶಿಗೆರು. ಅವರನ್ನು ಹಿಡಿದುಕೊಂಡರೆ ಈ ಕಾಡಿನಲ್ಲಿ ದಾರಿ ತಪ್ಪಲ್ಲ. ಅದಕ್ಕೆ ಮೊದಲು ಅವರ ಬಗ್ಗೆ ಹೇಳುತ್ತೇನೆ, ತಾಳ್ಮೆಯಿಂದ ಓದು.

ಮಿಜುಕಿ 1922ರಲ್ಲಿ ಹುಟ್ಟಿದವರು. ಬೆಳೆದದ್ದು ಜಪಾನಿನ ಪಶ್ಚಿಮದ ಕಡೆ, ಸಕಾಯಿಮಿನಾತೊ ಅನ್ನೋ ಸಣ್ಣ ಮೀನುಗಾರರ ಊರಲ್ಲಿ. ಅವರ ಮನೆಗೆ ಒಬ್ಬ ಬಡ ಮುದುಕಿ ಬರುತ್ತಿದ್ದಳು. ಮಕ್ಕಳು ಅವಳನ್ನು ನೋನೋನ್‌ಬಾ ಅಂತ ಕರೆಯುತ್ತಿದ್ದರು. ಚಾವಣಿಯಲ್ಲಿ ಕಲೆ ಕಂಡರೆ ಅವಳು, "ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಯೋಕಾಯಿ ಬಂದು ಚಾವಣಿ ನೆಕ್ಕುತ್ತದೆ, ಅದರ ಗುರುತು ಅದು" ಅಂತ ಹೇಳುತ್ತಿದ್ದಳಂತೆ. ಯೋಕಾಯಿ ಅಂದರೆ ಪೂರ್ತಿ ದೆವ್ವವೂ ಅಲ್ಲ, ದೇವರೂ ಅಲ್ಲ. ನಿಮ್ಮಜ್ಜಿ ಹೇಳುತ್ತಿದ್ದ ಕೊಳ್ಳಿದೆವ್ವದ ಥರ. ಅದಕ್ಕೆ ಒಂದು ಜಾಗ ಇರುತ್ತದೆ, ಒಂದು ಅಭ್ಯಾಸ ಇರುತ್ತದೆ. ಅಷ್ಟೇ. ಮಿಜುಕಿ ಆ ಮುದುಕಿಯ ಮೇಲೆ 'ನೋನೋನ್‌ಬಾ' ಅಂತಲೇ ಒಂದು ಪುಸ್ತಕ ಬರೆದರು. 2007ರಲ್ಲಿ ಫ್ರಾನ್ಸಿನ ಆಂಗುಲೆಮ್ ಕಾಮಿಕ್ಸ್ ಉತ್ಸವದಲ್ಲಿ ಆ ವರ್ಷದ ಒಳ್ಳೆಯ ಪುಸ್ತಕ ಅಂತ ಬಹುಮಾನ ಬಂತು.

ಆಮೇಲೆ ಎರಡನೇ ಮಹಾಯುದ್ಧ. ಅವರನ್ನು ಈಗಿನ ಪಪುವಾ ನ್ಯೂಗಿನಿಯ ರಬೌಲ್‌ಗೆ ಕಳಿಸಿದರು. ಜೊತೆಗಿದ್ದ ತುಕಡಿ ನಾಶವಾಯಿತು. ಇವರು ಕಾಡಿನಲ್ಲಿ ಒಬ್ಬರೇ ತಪ್ಪಿಸಿಕೊಂಡು ಓಡಿ ಬಂದರು. ಬದುಕಿ ಬಂದಿದ್ದಕ್ಕೆ ಮೇಲಿನವರಿಂದ ಬೈಸಿಕೊಂಡರು. ಆಮೇಲೆ ಮಲೇರಿಯಾ. ಆಮೇಲೆ ವಿಮಾನ ದಾಳಿಯಲ್ಲಿ ಎಡಗೈ ಹೋಯಿತು. ಕಿತಾರೊನ ಎಲ್ಲಾ ಪುಟಗಳನ್ನೂ ಅವರು ಬಲಗೈ ಒಂದರಲ್ಲೇ ಬರೆದಿದ್ದಾರೆ ಗಿರೀಶ. ಆ ಒತ್ತೊತ್ತಾದ ಮರಗಳು, ಒಂದೊಂದು ಎಲೆಗೂ ಬೇರೆ ಗೆರೆ ಇರೋ ಕಾಡು, ಎಲ್ಲವನ್ನೂ.

ಆ ಕಾಡಿನಲ್ಲಿ ಕತ್ತಲಲ್ಲಿ ಓಡುವಾಗ ಒಮ್ಮೆ ಮುಂದೆ ಗೋಡೆ ಥರ ಏನೋ ಅಡ್ಡ ಬಂತಂತೆ. ಮುಟ್ಟಿದರೆ ಇದೆ, ಕಣ್ಣಿಗೆ ಏನೂ ಕಾಣಲ್ಲ, ಮುಂದೆ ಹೋಗೋಕೆ ಆಗಲ್ಲ. ಸುಸ್ತಾಗಿ ಕೂತರು. ಸ್ವಲ್ಪ ಹೊತ್ತಿಗೆ ಅದು ಇರಲೇ ಇಲ್ಲ. ಅದೇ ನುರಿಕಾಬೆ ಇರಬೇಕು ಅಂತ ಆಮೇಲೆ ಹೇಳಿಕೊಂಡಿದ್ದಾರೆ. ಜಾನಪದ ಸಂಗ್ರಹಿಸಿದ ಯಾನಗಿತಾ ಕುನಿಯೊ ಅವರ ಯೋಕಾಯಿ ಪಟ್ಟಿಯಲ್ಲಿ ನುರಿಕಾಬೆಯ ಹೆಸರಿತ್ತು, ರೂಪ ಇರಲಿಲ್ಲ. ಅದಕ್ಕೆ ಎರಡು ಕಣ್ಣು, ಗಿಡ್ಡ ಕಾಲು ಕೊಟ್ಟು ಕಿತಾರೊನ ಗೆಳೆಯನನ್ನಾಗಿ ಮಾಡಿದವರು ಮಿಜುಕಿ. ಕಿತಾರೊನ ಅನಿಮೆಯಲ್ಲಿ ಆ ದೊಡ್ಡ ಗೋಡೆ ಮಕ್ಕಳನ್ನು ಕಾಪಾಡೋಕೆ ಬಂದು ನಿಂತಾಗಲೆಲ್ಲ ನನಗೆ ಆ ಕಾಡು ನೆನಪಾಗುತ್ತದೆ.

ಈಗ ಕಿತಾರೊ. ಹೆಸರು ಮಿಜುಕಿಯ ಮಂಗಾಕ್ಕಿಂತ ಹಳೆಯದು. 1930ರ ದಶಕದಲ್ಲಿ ಬೀದಿಯಲ್ಲಿ ಸೈಕಲ್ ನಿಲ್ಲಿಸಿ, ಮಕ್ಕಳಿಗೆ ಮಿಠಾಯಿ ಮಾರಿ, ಚಿತ್ರದ ಹಾಳೆಗಳನ್ನು ಒಂದೊಂದಾಗಿ ತೋರಿಸುತ್ತಾ ಕಥೆ ಹೇಳುವವರಿದ್ದರು. ಅದಕ್ಕೆ ಕಾಮಿಶಿಬಾಯಿ ಅಂತ ಹೆಸರು. ಅದರಲ್ಲಿ ಇತೊ ಮಾಸಾಮಿ ಅನ್ನುವವರು ಬರೆದ 'ಹಕಾಬಾ ಕಿತಾರೊ' ಇತ್ತು. ಹಕಾಬಾ ಅಂದರೆ ಸ್ಮಶಾನ. ಅದರ ಹಿಂದೆ ಇನ್ನೂ ಹಳೆಯ ಕಥೆ: ಬಸುರಿ ಸತ್ತಳು, ಮಗು ಗೋರಿಯಲ್ಲೇ ಹುಟ್ಟಿತು, ತಾಯಿ ದೆವ್ವವಾಗಿ ದಿನಾ ರಾತ್ರಿ ಅಂಗಡಿಗೆ ಬಂದು ಮಗುವಿಗೆ ಮಿಠಾಯಿ ಕೊಳ್ಳುತ್ತಿದ್ದಳು. ಆ ಕಥೆಯ ಹೆಸರಿನ ಮಿಠಾಯಿ ಮಾರುವ ಅಂಗಡಿ ಕ್ಯೋತೋದಲ್ಲಿ ಈಗಲೂ ಇದೆ. ಕೊಂಡು ತಿಂದಿದ್ದೇನೆ. ಬರೀ ಸಿಹಿ, ಬೆಲ್ಲದಚ್ಚಿನ ಚೂರಿನ ಹಾಗೆ.

ಯುದ್ಧದ ನಂತರ ಮಿಜುಕಿ ಹೊಟ್ಟೆಪಾಡಿಗೆ ಕಾಮಿಶಿಬಾಯಿ ಚಿತ್ರ ಬರೆಯುತ್ತಿದ್ದರು. ಅಲ್ಲಿಂದ ಕಿತಾರೊನನ್ನು ತಮ್ಮವನನ್ನಾಗಿ ಮಾಡಿಕೊಂಡರು. 1960ರಲ್ಲಿ ಬಾಡಿಗೆ ಮಂಗಾ ಪುಸ್ತಕದಲ್ಲಿ ಮೊದಲ ಸಲ ಬರೆದರು. ಆಗೆಲ್ಲ ಅಲ್ಲಿ ಮಂಗಾ ಕೊಳ್ಳೋದು ಕಮ್ಮಿ, ಅಂಗಡಿಯಿಂದ ಬಾಡಿಗೆಗೆ ತಂದು ಓದೋದು ಜಾಸ್ತಿ. ನಾವು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತರುತ್ತಿದ್ದ ಹಾಗೆ.

ನೀನು ನೋಡಿದ ಸಿನಿಮಾ ಎಲ್ಲಿ ನಿಲ್ಲುತ್ತದೋ ಆ ಕಥೆ ಅಲ್ಲಿಂದ ಶುರುವಾಗುತ್ತದೆ. ಮಳೆ. ಗೋರಿ. ಮಣ್ಣಿನೊಳಗಿಂದ ಒಂದು ಪುಟ್ಟ ಕೈ ಮೇಲೆ ಬರುತ್ತದೆ. ಆಮೇಲೆ ಮಗು ತೆವಳಿಕೊಂಡು ಹೊರಗೆ ಬರುತ್ತದೆ. ನೋಡುತ್ತಾ ನಿಂತವನು ಹೆದರಿ ಅದನ್ನು ತಳ್ಳುತ್ತಾನೆ. ಮಗು ಗೋರಿಕಲ್ಲಿಗೆ ಬಡಿದು ಎಡಗಣ್ಣು ಹೋಗುತ್ತದೆ. ಇತ್ತ ಕೊಳೆತು ಬಿದ್ದ ಅಪ್ಪನ ದೇಹದಿಂದ ಒಂದು ಕಣ್ಣುಗುಡ್ಡೆ ಜಾರಿ ಬೀಳುತ್ತದೆ. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನೋ ಚಿಂತೆಗೆ ಆ ಕಣ್ಣಿಗೇ ಜೀವ ಬಂದು, ಕೈ ಕಾಲು ಮೂಡಿ, ನಡೆದುಕೊಂಡು ಹೋಗುತ್ತದೆ. ಸಾಯೋ ತಂದೆಗೆ ಮಗುವನ್ನು ನೋಡುತ್ತಾ ಇರಬೇಕು ಅನ್ನೋದೊಂದೇ ಆಸೆ. ಕಣ್ಣು ಉಳಿಯಿತು. ಇಷ್ಟನ್ನು ಒಂದು ಅಗ್ಗದ ಬಾಡಿಗೆ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ ಆ ಮನುಷ್ಯ. ಎಷ್ಟು ಸಲ ಓದಿದರೂ ನನಗೆ ಗಂಟಲು ಕಟ್ಟುತ್ತದೆ.

1965ರಲ್ಲಿ ದೊಡ್ಡ ವಾರಪತ್ರಿಕೆ 'ಶೋನೆನ್ ಮ್ಯಾಗಜೀನ್' ಇದನ್ನು ತೆಗೆದುಕೊಂಡಿತು. ಅಲ್ಲಿ ಬಂದ ಮೊದಲ ಕಥೆಯ ಹೆಸರು ಏನು ಗೊತ್ತಾ? 'ಕೈ'. ಅದರಲ್ಲಿ ಕಿತಾರೊನನ್ನು ಶತ್ರುಗಳು ಮುಗಿಸುತ್ತಾರೆ, ಒಂದು ಕೈ ಮಾತ್ರ ಉಳಿಯುತ್ತದೆ. ಆ ಕೈ ತಾನೇ ಓಡಾಡಿ ಅವರ ಬೆನ್ನು ಹತ್ತುತ್ತದೆ. ಕೈ ಕಳೆದುಕೊಂಡವರು ಬರೆದ ಕಥೆ ಅದು. ಇಷ್ಟು ತಿಳಿದುಕೊಂಡು ಓದು, ಆಗ ಅದರ ಭಯ ಬೇರೆಯೇ.

ಟಿವಿಗೆ ಬರಬೇಕಾದರೆ ಸ್ಮಶಾನ ಅನ್ನೋ ಹೆಸರಿಗೆ ಜಾಹೀರಾತಿನವರು ಒಪ್ಪಲಿಲ್ಲ. 1967ರಲ್ಲಿ ಹೆಸರು 'ಗೆಗೆಗೆ ನೊ ಕಿತಾರೊ' ಆಯಿತು. ಮಿಜುಕಿಗೆ ಚಿಕ್ಕಂದಿನಲ್ಲಿ ತಮ್ಮ ಹೆಸರು ಶಿಗೆರು ಅಂತ ಹೇಳೋಕೆ ಬರದೆ 'ಗೆಗೆರು' ಅನ್ನುತ್ತಿದ್ದರಂತೆ. ಆ ತೊದಲಿನಿಂದ ಬಂದ ಹೆಸರು. ಶೀರ್ಷಿಕೆ ಹಾಡು ಬರೆದವರೂ ಅವರೇ. ಆರು ಸರಣಿಯಲ್ಲೂ ಅದೇ ಹಾಡು, ಹಾಡಿದವರು ಮಾತ್ರ ಎಲ್ಲದರಲ್ಲೂ ಒಬ್ಬರೇ ಅಲ್ಲ.

ಹೆಸರಿನ ಜೊತೆ ಹುಡುಗನೂ ಬದಲಾದ. ಬಾಡಿಗೆ ಪುಸ್ತಕದ ಕಿತಾರೊ ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ಸಿಗರೇಟು ಸೇದೋ, ಹಲ್ಲು ಮುಂದೆ ಬಂದ ಒಂಟಿಗಣ್ಣಿನ ಪೋರ. ಮನುಷ್ಯರು ಹಾಳಾದರೆ ಅವನಿಗೇನೂ ಅನಿಸಲ್ಲ. ಟಿವಿಯ ಕಿತಾರೊ ಮಕ್ಕಳನ್ನು ಕಾಪಾಡುವವನು. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕು ಅನ್ನೋದನ್ನೇ ಪ್ರತಿ ಸರಣಿಯೂ ಬೇರೆ ಬೇರೆಯಾಗಿ ತೀರ್ಮಾನಿಸಿದೆ. 1985ರದ್ದು ಪೂರ್ತಿ ವೀರನ ಕಡೆ. 1996ರದ್ದು, 2007ರದ್ದು ಸಮಯ ಸಿಕ್ಕಾಗ ನೋಡು, ಇಲ್ಲದಿದ್ದರೂ ನಡೆಯುತ್ತದೆ. ನಟರಿರುವ ಎರಡು ಸಿನಿಮಾಗಳನ್ನು ಸದ್ಯಕ್ಕೆ ಬಿಡು.

2008ರ 'ಹಕಾಬಾ ಕಿತಾರೊ' ಮಾತ್ರ ಬಿಡಬೇಡ. ಹನ್ನೊಂದೇ ಕಂತು. ಆ ಚಳಿಗಾಲದಲ್ಲಿ ಜಪಾನಿನ ಟಿವಿಯಲ್ಲಿ ಭಾನುವಾರ ಬೆಳಗ್ಗೆ ಮಕ್ಕಳ ಕಿತಾರೊ ಬರುತ್ತಿದ್ದ, ತಡರಾತ್ರಿ ದೊಡ್ಡವರಿಗೆ ಸ್ಮಶಾನದ ಕಿತಾರೊ. ಬಣ್ಣ ಮಾಸಿದ ಹಳೇ ಕಾಗದದ ಹಾಗಿರುವ ಚಿತ್ರ. ನಿನಗೆ ಸಿನಿಮಾ ಹಿಡಿಸಿದೆ ಅಂದಮೇಲೆ ಮುಂದೆ ನೋಡಬೇಕಾದ್ದು ಇದೇ.

ಅದಾದ ಮೇಲೆ 2018ರ ಸರಣಿ. ತೊಂಬತ್ತೇಳು ಕಂತು. ಸ್ಮಾರ್ಟ್‌ಫೋನಿನ ಕಾಲದ ಟೋಕಿಯೊ. ಎಲ್ಲಾ ನೋಡಲೇಬೇಕು ಅಂತೇನಿಲ್ಲ. ಆದರೆ 20ನೇ ಕಂತು ನೋಡು. ದಕ್ಷಿಣದ ಒಂದು ದ್ವೀಪ, ಅಲ್ಲಿ ಯುದ್ಧದಲ್ಲಿ ಸತ್ತ ಸೈನಿಕರ ಮೂಳೆಗಳು, ದೂರದ ಊರಲ್ಲಿ ಅರಳುವ ಒಂದು ಹೂವು. ಮಕ್ಕಳು ನೋಡೋ ಭಾನುವಾರ ಬೆಳಗಿನ ಕಾರ್ಯಕ್ರಮದಲ್ಲಿ ಅದನ್ನು ತೋರಿಸಿದರು, ಅದೂ ಆಗಸ್ಟ್ ತಿಂಗಳಲ್ಲಿ, ಯುದ್ಧ ಮುಗಿದ ದಿನ ಹತ್ತಿರ ಬಂದಾಗ. ಮಿಜುಕಿ 2015ರಲ್ಲೇ ತೀರಿಕೊಂಡಿದ್ದರು. ಅವರ ನೋವನ್ನು ಮುಂದಿನವರು ಕೈಬಿಡಲಿಲ್ಲ ಅಂತ ನನಗೆ ಸಮಾಧಾನ ಆಯಿತು. ನೀನು ನೋಡಿದ 2023ರ ಸಿನಿಮಾದಲ್ಲಿ ಆ ಮಾಜಿ ಸೈನಿಕನಿಗೆ ಮಿಜುಕಿ ಅಂತಲೇ ಹೆಸರು ಇರೋದು ಗಮನಿಸಿದೆಯಾ? ಮೂಲ ಕಥೆಯಲ್ಲೂ ಅವನ ಹೆಸರು ಅದೇ.

ಇನ್ನೊಂದು ಮಾತು ಹೇಳಲೇಬೇಕು. 1968ರ ಮೊದಲ ಸರಣಿಯಲ್ಲಿ ಕಿತಾರೊಗೆ ಧ್ವನಿ ಕೊಟ್ಟವರು ನೊಜಾವಾ ಮಾಸಾಕೊ. ಡ್ರ್ಯಾಗನ್ ಬಾಲ್‌ನ ಗೋಕುವಿಗೆ ಜಪಾನಿ ಧ್ವನಿ ಇವರದ್ದೇ. ಸ್ಮಶಾನದ ಕಿತಾರೊಗೂ ಇವರೇ ಧ್ವನಿ ಕೊಟ್ಟರು. ಕಣ್ಣುಗುಡ್ಡೆ ಅಪ್ಪನಿಗೆ ಮೊದಲಿಂದ ಮಾತಾಡುತ್ತಿದ್ದವರು ತಾನೊನಾಕಾ ಇಸಾಮು. ಅವರು 2010ರಲ್ಲಿ ತೀರಿಕೊಂಡರು. 2018ರಲ್ಲಿ ಆ ಅಪ್ಪನ ಧ್ವನಿ ಯಾರದ್ದು ಗೊತ್ತಾ? ನೊಜಾವಾ ಅವರದ್ದು. ಐವತ್ತು ವರ್ಷದ ಹಿಂದೆ "ಅಪ್ಪಾ" ಅಂತ ಕೂಗುತ್ತಿದ್ದ ಧ್ವನಿಯೇ ಈಗ "ಏ ಕಿತಾರೊ" ಅಂತ ಮಗನನ್ನು ಕರೆಯುತ್ತದೆ. ಟೀ ಬಟ್ಟಲಿನ ಬಿಸಿನೀರಲ್ಲಿ ಕೂತು ಸ್ನಾನ ಮಾಡುವ ಆ ಪುಟ್ಟ ಅಪ್ಪನ ಮಾತು ಕೇಳುವಾಗ ಇದನ್ನು ನೆನಪಿಟ್ಟುಕೋ.

ಹೋದ ವರ್ಷ ಒಸಾಕಾದಿಂದ ಸಕಾಯಿಮಿನಾತೊಗೆ ಹೋಗಿದ್ದೆ. ಯೊನಾಗೊದಲ್ಲಿ ರೈಲು ಬದಲಿಸಬೇಕು. ಅಲ್ಲಿಂದ ಮುಂದಿನ ಸಣ್ಣ ರೈಲಿನ ಮೇಲೆಲ್ಲ ಕಿತಾರೊನ ಬಳಗದ ಚಿತ್ರ. ಒಂದೊಂದು ನಿಲ್ದಾಣಕ್ಕೂ ಒಂದೊಂದು ಯೋಕಾಯಿಯ ಅಡ್ಡಹೆಸರು. ಕೊನೆಯದು ಕಿತಾರೊ ನಿಲ್ದಾಣ. ಇಳಿದರೆ ರಸ್ತೆಯುದ್ದಕ್ಕೂ 170ಕ್ಕೂ ಹೆಚ್ಚು ಕಂಚಿನ ಮೂರ್ತಿಗಳು. ಹೆಚ್ಚಿನವು ಮೊಣಕಾಲೆತ್ತರವೂ ಇಲ್ಲ. ಮಳೆ ಹನಿಯುತ್ತಿತ್ತು. ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದು ಒಂದೊಂದರ ಮುಂದೆಯೂ ಬಗ್ಗಿ ನಿಂತು ಹೆಸರು ಹೇಳಿಕೊಡುತ್ತಿದ್ದರು. ಮಗು ಪ್ರತಿಯೊಂದರ ತಲೆಯನ್ನೂ ಸವರಿ ಮುಂದೆ ಹೋಗುತ್ತಿತ್ತು. ಜನ ಸವರಿ ಸವರಿ ಕೆಲವು ಮೂರ್ತಿಗಳ ನೆತ್ತಿ ಚಿನ್ನದ ಹಾಗೆ ಹೊಳೆಯುತ್ತಿತ್ತು. ನಾನೂ ನುರಿಕಾಬೆಯ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತೆ.

ನಿನ್ನ ಮಗಳಿಗೆ ಈಗಲೇ ಸಿನಿಮಾ ತೋರಿಸಬೇಡ. ರಕ್ತ ಜಾಸ್ತಿ, ಅದಕ್ಕಿಂತ ಮನುಷ್ಯರ ಕ್ರೂರತನ ಜಾಸ್ತಿ. ಅವಳಿಗೆ ಬೇಸ್‌ಬಾಲ್ ಕಥೆ ಹೇಳು. 1968ರ ಮೊದಲ ಕಂತು ಅದೇ. ಹುಡುಗರಿಗೆ ಒಂದು ಬ್ಯಾಟ್ ಸಿಗುತ್ತದೆ. ಅದನ್ನು ಹಿಡಿದು ಆಡಿದ ಆಟವೆಲ್ಲ ಗೆಲುವು. ಆಮೇಲೆ ಬ್ಯಾಟಿನ ಯಜಮಾನ ಬರುತ್ತಾನೆ. ರಾತ್ರಿ ಸ್ಮಶಾನದಲ್ಲಿ ಯೋಕಾಯಿಗಳ ತಂಡದ ಜೊತೆ ಆಟ, ಸೋತರೆ ಪ್ರಾಣ ಕೊಡಬೇಕು. ಬೇಸ್‌ಬಾಲ್ ಬದಲು ಕ್ರಿಕೆಟ್ ಅಂತ ಹೇಳಿದರೂ ನಡೆಯುತ್ತದೆ. ಕೊನೆ ಏನಾಯಿತು ಅಂತ ಬೆಳಗ್ಗೆ ಹೇಳು. ಸೂರ್ಯ ಹುಟ್ಟಿದ ಮೇಲೆ ಹೇಳಬೇಕಾದ ಕೊನೆ ಅದು.

ಝ್ಯಾಕ್ ಡೇವಿಸನ್ ಇಂಗ್ಲಿಷಿಗೆ ತಂದ 'ದ ಬರ್ತ್ ಆಫ್ ಕಿತಾರೊ' ನನ್ನ ಹತ್ತಿರ ಎರಡು ಪ್ರತಿ ಇದ್ದವು. ಒಂದನ್ನು ನಿನ್ನೆ ಪಾರ್ಸೆಲ್ ಮಾಡಿದ್ದೇನೆ. ಹುಟ್ಟಿನ ಕಥೆ ಶುರುವಿನಲ್ಲೇ ಇದೆ. ಮಗಳು ಮಲಗಿದ ಮೇಲೆ ಓದು. ಕಣ್ಣುಗುಡ್ಡೆ ನಡೆಯೋಕೆ ಶುರು ಮಾಡೋ ಪುಟ ಬಂದ ತಕ್ಷಣ ಫೋನ್ ಮಾಡು, ಎಷ್ಟು ಹೊತ್ತಾದರೂ ಪರವಾಗಿಲ್ಲ. ಎತ್ತುತ್ತೇನೆ.

ನಿನ್ನ,
ಸುರೇಶ