ಎಲೆಕ್ಟ್ರಾನ್ ಯಾರ ಮನಸ್ಸಿನ ಮಾತೂ ಕೇಳುವುದಿಲ್ಲ, ಪುಟ್ಟಿ

ಚಿತ್ರದುರ್ಗ
ಭಾನುವಾರ ರಾತ್ರಿ

ಪುಟ್ಟಿ,

ನಾಳೆಯಿಂದ ಫೋನ್ ಧ್ಯಾನ ಶಿಬಿರದವರ ಕೈಗೆ ಕೊಡಬೇಕು, ಮೂರು ವಾರ ಮೌನ, ಕಾಗದ ಬಂದರೆ ಮಾತ್ರ ಕೊಡುತ್ತಾರೆ ಅಂದೆಯಲ್ಲ. ಅದಕ್ಕೇ ಈ ಕಾಗದ. ಬೆಳಿಗ್ಗೆ ಅಪ್ಪಾಜಿ ಸ್ಪೀಡ್ ಪೋಸ್ಟ್ ಮಾಡುತ್ತಾರೆ. ಫೋನಲ್ಲಿ ಅಷ್ಟು ಜೋರು ಮಾಡಿದ್ದಕ್ಕೆ ಬೇಜಾರಿದೆ. ಹೇಳಿದ್ದಕ್ಕಲ್ಲ.

"ಅಮ್ಮಾ, ನೋಡುವವರಿಂದಲೇ ವಸ್ತು ಇರೋದು ಅಂತ ಕ್ವಾಂಟಮ್ ಫಿಸಿಕ್ಸೇ ಹೇಳುತ್ತೆ. ಮನಸ್ಸು ಬದಲಾದರೆ ಮೈಯೂ ಬದಲಾಗುತ್ತೆ. ಇಲ್ಲಿ ಎಷ್ಟೋ ಜನ ಮಾತ್ರೆ ಬಿಟ್ಟಿದ್ದಾರೆ" ಅಂದೆ. ಆ ಕೊನೆಯ ಮಾತಿಗೇ ನನ್ನ ಕೈಕಾಲು ತಣ್ಣಗಾದವು.

ನಿನಗಾಗ ಒಂಬತ್ತು ವರ್ಷ. ಆ ರಾತ್ರಿ ನಿನಗೆ ಎಚ್ಚರ ಇರಲಿಲ್ಲ, ಹಾಗಾಗಿ ನೆನಪೂ ಇಲ್ಲ. ನನಗಿದೆ. ಜೀಪಿನ ಹಿಂದಿನ ಸೀಟಲ್ಲಿ ನನ್ನ ತೊಡೆ ಮೇಲೆ ನಿನ್ನ ತಲೆ. ಭರಮಸಾಗರ ದಾಟುವ ಹೊತ್ತಿಗೆ ಉಸಿರು ಆಳವಾಗಿ, ಜೋರಾಗಿ, ಎದೆಯೆಲ್ಲ ಎದ್ದು ಬೀಳುತ್ತಿತ್ತು. ಬಾಯಿಂದ ಹಣ್ಣು ಕೊಳೆತಂಥ ಸಿಹಿ ವಾಸನೆ. ತುಟಿ ಒಣಗಿ ಬಿರುಕು ಬಿಟ್ಟಿತ್ತು. ಆನಗೋಡಿನ ಹತ್ತಿರ ಲಾರಿಗಳು ಸಾಲುಗಟ್ಟಿ ನಿಂತಿದ್ದವು, ಅಪ್ಪಾಜಿ ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ದಾವಣಗೆರೆಯ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಬಗ್ಗಿ ನಿನ್ನ ಬಾಯಿ ವಾಸನೆ ನೋಡಿದರು, "ಶುಗರ್ ನೋಡಿ, ಬೇಗ" ಅಂದರು. ಆಮೇಲೆ ಡ್ರಿಪ್ಪು, ಇನ್ಸುಲಿನ್. ಬೆಳಗಿನ ಜಾವ ಕಣ್ಣು ಬಿಟ್ಟು ನೀರು ಕೇಳಿದೆ.

ಆ ರಾತ್ರಿ ಎಷ್ಟು ದೇವರಿಗೆ ಹರಕೆ ಹೊತ್ತೆನೋ ಲೆಕ್ಕವಿಲ್ಲ. ನೀನು ಉಳಿಯಲಿ ಅಂತ ನನ್ನಷ್ಟು ಗಟ್ಟಿಯಾಗಿ ಬಯಸಿದ ಮನಸ್ಸು ಇನ್ನೊಂದು ಇರಲಿಕ್ಕಿಲ್ಲ. ಚಿತ್ರದುರ್ಗದಿಂದ ದಾವಣಗೆರೆವರೆಗೂ ಬಯಸಿದೆ. ಉಸಿರು ತಹಬದಿಗೆ ಬಂದಿದ್ದು ಮಾತ್ರ ಇನ್ಸುಲಿನ್ ಮೈಗೆ ಹೋದ ಮೇಲೆ.

ಇನ್ನು ಕ್ವಾಂಟಮ್ ವಿಷಯ. ನಿಮ್ಮ ಗುರುಗಳು ಹೇಳಿದ್ದರಲ್ಲಿ ನಿಜವೂ ಇದೆ. ಆ ಕಾಲದ ದೊಡ್ಡ ಭೌತವಿಜ್ಞಾನಿಗಳಲ್ಲಿ ಕೆಲವರು ಪೂರ್ವದ ತತ್ವಗಳಿಗೆ ಮನಸೋತವರೇ. ಶ್ರೋಡಿಂಗರ್ ಉಪನಿಷತ್ತನ್ನು ಮನಸಾರೆ ಒಪ್ಪಿದವನು. ಓಪನ್‌ಹೈಮರ್ ಸಂಸ್ಕೃತ ಕಲಿತು ಗೀತೆ ಓದಿದ. ಬೋರ್‌ಗೆ 1947ರಲ್ಲಿ ಡೆನ್ಮಾರ್ಕ್ ತನ್ನ ದೊಡ್ಡ ಗೌರವ ಕೊಟ್ಟಾಗ ಅವನು ತನ್ನ ಲಾಂಛನದಲ್ಲಿ ಚೀನಾದ ಯಿನ್-ಯಾಂಗ್ ಚಿತ್ರ ಇಟ್ಟುಕೊಂಡ. ಎಲೆಕ್ಟ್ರಾನ್ ಒಂದು ಪ್ರಯೋಗದಲ್ಲಿ ಅಲೆಯ ಹಾಗೆ, ಇನ್ನೊಂದರಲ್ಲಿ ಕಣದ ಹಾಗೆ ನಡೆದುಕೊಳ್ಳುತ್ತದೆ, ಪೂರ್ತಿ ತಿಳಿಯಲು ಎರಡೂ ಬೇಕು ಅನ್ನುವುದು ಅವನ ವಾದ. ನಮ್ಮ ಹರಿಹರಕ್ಕೆ ಬಂದು ಅರ್ಧ ಶಿವ, ಅರ್ಧ ವಿಷ್ಣು ಒಂದೇ ಮೂರ್ತಿಯಲ್ಲಿ ನಿಂತಿದ್ದನ್ನು ನೋಡಿದ್ದರೆ ಅದನ್ನೇ ಇಟ್ಟುಕೊಳ್ಳುತ್ತಿದ್ದನೇನೋ! ಪಿಯುಸಿ ಮಕ್ಕಳಿಗೆ ಇದನ್ನು ಹೇಳಿ ನಾನೂ ಚಪ್ಪಾಳೆ ಗಿಟ್ಟಿಸಿದ್ದೇನೆ.

ಆದರೆ ಹೋಲಿಕೆ ಬೇರೆ, ಪುರಾವೆ ಬೇರೆ. ಶ್ರೋಡಿಂಗರ್‌ನ 1926ರ ಕ್ವಾಂಟಮ್ ಸಮೀಕರಣವನ್ನು ಜನ ನಂಬಿದ್ದು ಅವನು ವೇದಾಂತ ಓದಿದ್ದ ಅಂತಲ್ಲ. ಹೈಡ್ರೋಜನ್ ಬೆಳಕಿನಲ್ಲಿ 656 ನ್ಯಾನೋಮೀಟರಿಗೆ ಒಂದು ಕೆಂಪು ಗೆರೆ ಬೀಳುತ್ತದಲ್ಲ, ಅಂಥ ಗೆರೆಗಳ ಲೆಕ್ಕ ಅದರಿಂದ ಸರಿಯಾಗಿ ಬಂತು ಅಂತ. ಹೈಸೆನ್‌ಬರ್ಗ್ ಅನ್ನುವ ಇನ್ನೊಬ್ಬ ವಿಜ್ಞಾನಿ ಕಲ್ಕತ್ತೆಯಲ್ಲಿ ಟಾಗೋರರನ್ನು ಕಂಡಿದ್ದು 1929ರಲ್ಲಿ. ಕಣದ ಜಾಗ, ವೇಗ ಎರಡನ್ನೂ ಒಟ್ಟಿಗೆ ಕರಾರುವಾಕ್ಕಾಗಿ ತಿಳಿಯಲಾಗದು ಅನ್ನುವ ಅವನ ಅನಿಶ್ಚಿತತೆಯ ತತ್ವ ಅದಕ್ಕೂ ಎರಡು ವರ್ಷ ಮೊದಲೇ ಅಚ್ಚಾಗಿತ್ತು, ಆ ಭೇಟಿಯಿಂದ ಹುಟ್ಟಿದ್ದಲ್ಲ.

ಎರಡು ಸೀಳಿನ ಪ್ರಯೋಗವನ್ನೇ ತಗೋ. ಎರಡು ಸಣ್ಣ ಸೀಳಿರುವ ತಡೆಯ ಕಡೆಗೆ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಬಿಟ್ಟರೂ ಹಿಂದಿನ ಪರದೆ ಮೇಲೆ ಚುಕ್ಕಿಗೆ ಚುಕ್ಕಿ ಸೇರಿ ಕೊನೆಗೆ ಪಟ್ಟೆಗಳು ಮೂಡುತ್ತವೆ. ಯಾವ ಸೀಳಿನಿಂದ ಹೋಯಿತು ಅಂತ ಪತ್ತೆ ಹಚ್ಚುವ ಉಪಕರಣ ಇಟ್ಟರೆ ಪಟ್ಟೆ ಮಾಯ. ವಿಚಿತ್ರವೇ, ಇಲ್ಲ ಅನ್ನುವುದಿಲ್ಲ. ಆದರೆ ಉಪಕರಣ ಚಾಲೂ ಇಟ್ಟು, ಲ್ಯಾಬಿಗೆ ಬೀಗ ಜಡಿದು ಎಲ್ಲರೂ ಊಟಕ್ಕೆ ಹೋದರೂ ಪಟ್ಟೆ ಬರುವುದಿಲ್ಲ. ಎಲೆಕ್ಟ್ರಾನನ್ನು ತಡವಿದ್ದು ಆ ಉಪಕರಣ, ಯಾರ ಮನಸ್ಸೂ ಅಲ್ಲ. ಇನ್ನೊಂದು ಮಾತು, ಇದನ್ನು ನಿಮ್ಮಲ್ಲಿ ಯಾರೂ ಹೇಳಿರಲಿಕ್ಕಿಲ್ಲ: ಮುಂದಿನ ಚುಕ್ಕಿ ಎಲ್ಲಿ ಬೀಳುತ್ತದೆ ಅನ್ನುವುದು ಯಾರ ಇಷ್ಟದಂತೆಯೂ ನಡೆಯುವುದಿಲ್ಲ. ಎಲ್ಲಿ ಬೀಳುವ ಸಾಧ್ಯತೆ ಎಷ್ಟು ಅಂತ ಲೆಕ್ಕ ಹಾಕಬಹುದು, ಅಷ್ಟೇ. ಬಯಸಿ ಬೀಳಿಸಲು ಆಗುವುದಿಲ್ಲ.

ಹೆಣೆದುಕೊಂಡ ಕಣಗಳದ್ದೂ ಇದೇ ಕಥೆ. ಆಸ್ಪೆ, ಕ್ಲೌಸರ್, ಝೈಲಿಂಗರ್ ಮೂವರಿಗೂ 2022ರ ನೊಬೆಲ್ ಬಂದಿದ್ದು ಅದರ ಪ್ರಯೋಗಗಳಿಗೆ. ಅಂಥ ಎರಡು ಕಣಗಳನ್ನು ಎಷ್ಟೇ ದೂರ ಇಟ್ಟು ಅಳೆದರೂ ಉತ್ತರಗಳು ಒಂದಕ್ಕೊಂದು ತಾಳೆಯಾಗುತ್ತವೆ. ಆದರೆ ಆ ದಾರಿಯಲ್ಲಿ ಒಂದಕ್ಷರ ಸುದ್ದಿಯನ್ನೂ ಕಳಿಸಲು ಬರುವುದಿಲ್ಲ. ಬರುತ್ತಿದ್ದರೆ, ನೀನು ಉಂಡೆಯಾ, ಇಂಜೆಕ್ಷನ್ ತಗೊಂಡೆಯಾ ಅಂತ ನಾನಿಲ್ಲಿ ಕಂಗಾಲಾಗುತ್ತಿದ್ದೆನಾ?

ಧ್ಯಾನ ಬೇಡ ಅನ್ನುತ್ತಿಲ್ಲ. ಅಲ್ಲಮ 12ನೇ ಶತಮಾನದಲ್ಲೇ ಬಯಲಿನ ಮಾತಾಡಿದ. ಅವನಿಗೆ ಯಾವ ಲ್ಯಾಬಿನ ಸರ್ಟಿಫಿಕೇಟೂ ಬೇಕಿರಲಿಲ್ಲ. ಈಗ ಅವನ ಪರವಾಗಿ ಫಿಸಿಕ್ಸಿನ ಸಾಕ್ಷಿ ಕರೆಯುವವರು ಎರಡನ್ನೂ ಸರಿಯಾಗಿ ಓದಿರುವುದಿಲ್ಲ, ಹೋಗಲಿ ಬಿಡು. ಬೆಂಗಳೂರಲ್ಲಿ ನೀನು ದುಡಿದು ಹೈರಾಣಾಗಿದ್ದು ನನಗೆ ಗೊತ್ತು. ಕೆಲಸ ಬಿಟ್ಟೆ ಅಂದಾಗ ಬಯ್ದೆ, ನಿಜ. ಆದರೆ ಸಾಕು ಅನ್ನಿಸಿದ್ದನ್ನು ಸಾಕು ಅನ್ನುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ. ಮಗಳಿಗಿದೆ ಅಂತ ಪಕ್ಕದ ಮನೆ ಆಂಟಿ ಹತ್ತಿರ ಜಂಬವನ್ನೂ ಕೊಚ್ಚಿದ್ದೇನೆ. ಕೂತು ಕಣ್ಣು ಮುಚ್ಚಿದರೆ ನೆಮ್ಮದಿ ಸಿಗುತ್ತದೆ ಅಂದರೆ ಕೂತ್ಕೋ. ಇಂಜೆಕ್ಷನ್ ತಗೊಂಡು ಕೂತ್ಕೋ.

ಅಲ್ಲಿ ಮಾತ್ರೆ ಬಿಟ್ಟವರದ್ದು ಏನು ಕಾಯಿಲೆಯೋ ನಾನು ಕಾಣೆ. ನಿನ್ನದು ಟೈಪ್ 1 ಸಕ್ಕರೆ ಕಾಯಿಲೆ. ನಿನ್ನ ಮೈ ಬದುಕಲು ಬೇಕಾದಷ್ಟು ಇನ್ಸುಲಿನ್ ಮಾಡುವುದೇ ಇಲ್ಲ. 1922ರಲ್ಲಿ ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಅದಕ್ಕೂ ಮುಂಚೆ ಇದು ಬಂದ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ. ಆ ಮಕ್ಕಳ ತಾಯಂದಿರು ಬಯಸಿರಲಿಲ್ಲವಾ ಪುಟ್ಟಿ? ಪ್ರಾರ್ಥನೆ ಮಾಡಿರಲಿಲ್ಲವಾ?

ಮತ್ತೆ ಪಾಠ ಶುರು ಮಾಡಿದೆ, ಅಲ್ವಾ? ಇರಲಿ, ಇದಿಷ್ಟು ಕೇಳು. ಉಪವಾಸ ಅಂದರೆ ನನಗಾಗುವುದಿಲ್ಲ ಅಂತ ಮೊದಲೇ ಹೇಳಿಬಿಡು. ರಾತ್ರಿಯ ಇನ್ಸುಲಿನ್ ಒಂದು ದಿನವೂ ತಪ್ಪಬಾರದು. ಕೈ ನಡುಗಿ ಬೆವರು ಬಂದರೆ ಮೌನ ಗೀನ ನೋಡಬೇಡ, ಬಾಯಿಬಿಟ್ಟು ಸಕ್ಕರೆ ಕೇಳು. ಫ್ರಿಜ್ ಇಲ್ಲದಿದ್ದರೆ ಒಂದು ಮಡಕೆಯಲ್ಲಿ ಮರಳು ತುಂಬಿ, ನಡುವೆ ಚಿಕ್ಕ ಮಡಕೆ ಕೂರಿಸು. ಮರಳು ಒದ್ದೆ ಇರಲಿ. ಒಳಗಿನ ಮಡಕೆಯಲ್ಲಿ ಇನ್ಸುಲಿನ್ ಪೆನ್ನು ಇಡು, ನೀರು ತಾಗದ ಹಾಗೆ ಡಬ್ಬಿಯಲ್ಲಿ ಹಾಕಿ.

ಇದರ ಜೊತೆಗೇ ಪಾರ್ಸೆಲ್ ಇದೆ. ಶುಗರ್ ನೋಡುವ ಸ್ಟ್ರಿಪ್, ಸೂಜಿ, ಗ್ಲೂಕೋಸ್ ಪುಡಿ, ಒಂದು ಪೊಟ್ಟಣ ಖಾರ ಮಂಡಕ್ಕಿ. ನಮ್ಮ ವಿಳಾಸ ಬರೆದ ಪೋಸ್ಟ್ ಕಾರ್ಡುಗಳೂ ಇವೆ. ದಿನಾ ಬೆಳಗಿನ ಶುಗರ್ ನಂಬರ್ ಬರೆದು ಹಾಕು, ಬೇರೇನೂ ಬರೆಯದಿದ್ದರೂ ನಡೆಯುತ್ತದೆ. ಯಾವತ್ತಾದರೂ 250 ದಾಟಿ ಇಳಿಯದಿದ್ದರೆ ಟಪಾಲು ಕಾಯಬೇಡ, ಫೋನ್ ಇಸ್ಕೊಂಡು ಮಾಡು. ಕೊಡುವುದಿಲ್ಲ ಅಂದರೆ ಬ್ಯಾಗ್ ಎತ್ತಿಕೊಂಡು ಹೊರಗೆ ಬಾ, ಮಿಕ್ಕಿದ್ದು ಅಪ್ಪಾಜಿ ನೋಡಿಕೊಳ್ಳುತ್ತಾರೆ.

ನಿನ್ನ
ಅಮ್ಮ