ಇದ್ದಿಲು ಹೊತ್ತಿಸಲು ಪೆಟ್ರೋಲ್ ಯಾಕೆ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬಾರ್ಬೆಕ್ಯೂ ಬಗ್ಗೆ ಬಂದ ಲೇಖನ ಓದಿದೆ. ಮಸಾಲೆ ಅರೆಯುವುದು, ಕೋಳಿಗೆ ಮೊಸರು ಹಚ್ಚಿ ನೆನೆಸುವುದು, ಕಂಬಿಗೆ ಪೋಣಿಸುವುದು ಎಲ್ಲ ವಿವರವಾಗಿ ಇತ್ತು. ಬೆಂಕಿಯ ವಿಷಯಕ್ಕೆ ಬಂದಾಗ ಮಾತ್ರ ‘ಇದ್ದಿಲು ಹೊತ್ತಿಸಿಕೊಳ್ಳಿ’ ಅಂತ ಒಂದೇ ಸಾಲು. ಜನ ಮೈಕೈ ಸುಟ್ಟುಕೊಳ್ಳುವುದು ಆ ಹೊತ್ತಿಸುವ ಕೆಲಸದಲ್ಲೇ.

ನಾನು ಮಂಡ್ಯದಲ್ಲಿ ಇದ್ದಿಲು ಮಾರುವವಳು. ಮಾವನವರ ಕಾಲದ ಅಂಗಡಿ. ಮೊದಲು ಇಸ್ತ್ರಿಯವರು, ಕುಲುಮೆಯವರು, ಹೋಟೆಲಿನವರು ಬರುತ್ತಿದ್ದರು. ಈಗ ಶನಿವಾರ ಸಂಜೆಯಾದರೆ ಕಾರು, ಬೈಕುಗಳಲ್ಲಿ ಹುಡುಗರು ಬರುತ್ತಾರೆ. ಶ್ರೀರಂಗಪಟ್ಟಣದ ಕಡೆ ಹೊಳೆ ದಂಡೆಯ ರೆಸಾರ್ಟಿಗೋ, ಸ್ನೇಹಿತರ ತೋಟಕ್ಕೋ ಹೊರಟವರು. ‘ಆಂಟಿ, ಎರಡು ಕೆಜಿ ಕೊಡಿ’ ಅಂತಾರೆ. ಹೇಗಪ್ಪಾ ಹೊತ್ತಿಸ್ತೀರಿ ಅಂತ ಕೇಳಿದರೆ ನಗುತ್ತಾ ಬೈಕಿನ ಟ್ಯಾಂಕ್ ತೋರಿಸುತ್ತಾರೆ. ಸೀಮೆಎಣ್ಣೆ ಸಿಗುವುದು ಈಗ ಕಷ್ಟ, ಅದಕ್ಕೇ ಪೆಟ್ರೋಲ್. ಕೊರೊನಾ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಸುರಿಯುವವರೂ ಇದ್ದಾರೆ. ಅದರ ಉರಿ ಹಗಲಲ್ಲಿ ಕಣ್ಣಿಗೆ ಸರಿಯಾಗಿ ಕಾಣೋದೂ ಇಲ್ಲ. ಆರಿದೆ ಅಂತ ಕೈ ಇಟ್ಟರೆ ಮುಗಿಯಿತು.

ಪೆಟ್ರೋಲಿನಲ್ಲಿ ಹೊತ್ತಿಕೊಳ್ಳುವುದು ಅದರ ಆವಿ. ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತೆ. ಇನ್ನು ನಮ್ಮ ಮಂಡ್ಯದ ಬಿಸಿಲಲ್ಲಿ ಕೇಳಬೇಕಾ? ಆ ಆವಿ ಗಾಳಿಗಿಂತ ಭಾರ. ಮೇಲೆ ಹೋಗದೆ ನೆಲದ ಮೇಲೆ ಹರಡಿ ನಿಮ್ಮ ಕಾಲಬುಡಕ್ಕೇ ಬರುತ್ತೆ. ಕಡ್ಡಿ ಗೀರಿದವನ ಮುಖಕ್ಕೆ ಭುಗ್ ಅಂತ ಹೊಡೆಯುವುದು ಅದೇ. ಇಷ್ಟಾದ ಮೇಲೆ ಕೆಲಸವಾದರೂ ಆಗುತ್ತಾ ಅಂದರೆ ಅದೂ ಇಲ್ಲ. ಪೆಟ್ರೋಲ್ ಉರಿದು ಹೋಗುತ್ತೆ, ಇದ್ದಿಲು ಕರ್ರಗೆ ಹಾಗೇ ಕೂತಿರುತ್ತೆ. ಒಳಗೆ ಒಂದೆರಡು ತುಂಡು ಕೆಂಡವಾಗಿದ್ದರೂ ಬಿಸಿಲಿಗೆ ಕಾಣಲ್ಲ. ‘ಹತ್ತಲಿಲ್ಲ ಮಗಾ’ ಅಂತ ಇನ್ನೊಂದು ಸಲ ಸುರಿಯುತ್ತಾರೆ ನೋಡಿ, ಆಗ ಉರಿ ಧಾರೆ ಹಿಡಿದು ಕೈಯಲ್ಲಿರುವ ಬಾಟಲಿಗೇ ಬರುತ್ತೆ.

ಇಸ್ತ್ರಿ ಗಾಡಿಯವರನ್ನು ನೋಡಿ. ದಿನಾ ಬೆಳಿಗ್ಗೆ ಪೆಟ್ಟಿಗೆಗೆ ಕೆಂಡ ಬೇಕು. ನನ್ನ ಹತ್ತಿರ ಇದ್ದಿಲು ಒಯ್ಯುವ ಇಸ್ತ್ರಿಯವರಲ್ಲಿ ಯಾರೂ ಸೀಮೆಎಣ್ಣೆ ಮುಟ್ಟಲ್ಲ. ಎರಡು ತೆಂಗಿನ ಕರಟ, ಒಂದಿಷ್ಟು ಕಾಗದ, ಮೇಲೆ ಸಣ್ಣ ಇದ್ದಿಲು, ಬೀಸಲು ಒಂದು ರಟ್ಟು. ಎಣ್ಣೆ ವಾಸನೆ ಬಟ್ಟೆಗೆ ಹತ್ತಿದರೆ ಗಿರಾಕಿ ಮತ್ತೆ ಬರಲ್ಲ ಅನ್ನುವುದು ಅವರಿಗೆ ಗೊತ್ತು. ಇದ್ದಿಲಿನ ಮೈತುಂಬಾ ಸಣ್ಣ ಸಣ್ಣ ತೂತು, ಸುರಿದಿದ್ದನ್ನೆಲ್ಲ ಹೀರಿಕೊಳ್ಳುತ್ತೆ. ಆಮೇಲೆ ನಿಧಾನಕ್ಕೆ ಬಿಡುತ್ತೆ. ಷರ್ಟಿಗೆ ಬೇಡವಾದ ವಾಸನೆ ಕೋಳಿಗೆ ಯಾಕೆ?

ಮನೆಯಲ್ಲೇ ಮಾಡಿಕೊಳ್ಳುವ ಒಂದು ಡಬ್ಬದ ವಿಷಯ ಹೇಳುತ್ತೇನೆ. ಐದು ಲೀಟರಿನ ಅಡುಗೆ ಎಣ್ಣೆಯ ತಗಡಿನ ಡಬ್ಬ ಸಾಕು. ತೊಳೆದು ಒಣಗಿಸಿ, ಮೇಲೆ ಕೆಳಗೆ ಎರಡೂ ಕಡೆ ಕತ್ತರಿಸಿ. ತಳದಿಂದ ನಾಲ್ಕು ಬೆರಳು ಎತ್ತರದವರೆಗೆ ಸುತ್ತಲೂ ದೊಡ್ಡ ಮೊಳೆಯಲ್ಲಿ ತೂತು ಹೊಡೆಯಿರಿ. ಅದರ ಮೇಲೆ ಎರಡು ಕಬ್ಬಿಣದ ಕಂಬಿ ಅಡ್ಡ ತೂರಿಸಿ, ಕಂಬಿಯ ಮೇಲೆ ಜಾಲರಿ ಇಡಿ. ಸತು ಬಳಿದ ತಗಡು, ಸತು ಬಳಿದ ಜಾಲರಿ ಎರಡೂ ಬೇಡ. ಕಾದಾಗ ಅದರ ಹೊಗೆ ಒಳ್ಳೆಯದಲ್ಲ. ಹೊಸ ಡಬ್ಬವನ್ನು ಮೊದಲೊಂದು ಸಲ ಅಡುಗೆ ಇಲ್ಲದೆ ಸುಮ್ನೆ ಉರಿಸಿ, ಹೊರಗಿನ ಬಣ್ಣ ಹೋಗಲಿ. ರೆಡಿಮೇಡ್ ಬೇಕೆಂದರೆ ‘ಚಿಮ್ನಿ ಸ್ಟಾರ್ಟರ್’ ಅಂತ ಆನ್‌ಲೈನಿನಲ್ಲಿ ಹಿಡಿ ಸಮೇತ ಸಿಗುತ್ತೆ. ತತ್ವ ಒಂದೇ.

ಮುಕ್ಕಾಲು ಕೆಜಿಯಷ್ಟು ಇದ್ದಿಲನ್ನು ಜಾಲರಿಯ ಮೇಲೆ ತುಂಬಿ. ನ್ಯೂಸ್‌ಪೇಪರಿನ ಎರಡು ಹಾಳೆ ತಿರುಚಿ, ಬಿಂದಿಗೆ ಹೊರುವಾಗ ತಲೆಗೆ ಇಡುವ ಸಿಂಬಿಯ ಹಾಗೆ ಸುತ್ತಿ ಕೆಳಗಿಡಿ. ನಡುವೆ ಗಾಳಿಗೆ ದಾರಿ ಇರಬೇಕು. ಕಾಗದಕ್ಕೆ ಒಂದು ಚಮಚ ಅಡುಗೆ ಎಣ್ಣೆ ಸವರಿದರೆ ಇನ್ನಷ್ಟು ಹೊತ್ತು ಉರಿಯುತ್ತೆ. ನಿಮ್ಮ ಮುಖಪುಟ ಚೆನ್ನಾಗಿ ಉರಿಯುತ್ತೆ ಸಾರ್. ಪುರವಣಿಯ ನುಣುಪು ಹಾಳೆ ಮಾತ್ರ ಬೇಡ, ಹೊಗೆ ಜಾಸ್ತಿ, ಉರಿ ಕಮ್ಮಿ.

ಒಲೆಯ ಒಳಗೋ ಬರಿ ಮಣ್ಣಿನ ಮೇಲೋ ಡಬ್ಬ ಇಟ್ಟು ಕೆಳಗಿನ ತೂತಿನಿಂದ ಕಾಗದಕ್ಕೆ ಕಡ್ಡಿ ಗೀರಿ. ಬಿಸಿ ಗಾಳಿ ಮೇಲೆ ಹೋದಂತೆ ಕೆಳಗಿನಿಂದ ಹೊಸ ಗಾಳಿ ತಾನೇ ಎಳೆದುಕೊಳ್ಳುತ್ತೆ. ಬೀಸುವುದೂ ಬೇಡ, ಊದುವುದೂ ಬೇಡ. ಮೊದಲು ಬಿಳಿ ಹೊಗೆ ಬರುತ್ತೆ, ಗಾಬರಿಯಾಗಬೇಡಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಹೊಗೆ ನಿಂತು, ಮೇಲಿನ ತುಂಡುಗಳ ಅಂಚಿಗೆ ಬೂದಿ ಬಣ್ಣ ಬರುತ್ತೆ. ಆಗ ಉದ್ದ ಇಕ್ಕಳದಲ್ಲಿ ಹಿಡಿದು ಒಲೆಗೆ ಸುರಿಯಿರಿ. ನೈಲಾನ್ ಬಟ್ಟೆ, ಜೋಲಾಡುವ ದುಪಟ್ಟಾ ದೂರ ಇರಲಿ.

ಕೆಂಡವನ್ನೆಲ್ಲ ಒಲೆಯ ಒಂದೇ ಪಕ್ಕಕ್ಕೆ ಗುಡ್ಡೆ ಮಾಡಿ, ಇನ್ನೊಂದು ಪಕ್ಕ ಖಾಲಿ ಬಿಡಿ. ಬನ್ನೂರು ಕುರಿಯ ಮಾಂಸ ತಂದಿದ್ದರಂತೂ ಇದು ಬೇಕೇ ಬೇಕು. ಅದರ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಉರಿ ಎದ್ದಾಗ ಮಾಂಸವನ್ನು ಖಾಲಿ ಪಕ್ಕಕ್ಕೆ ಎಳೆದರೆ ಸಾಕು, ಉರಿ ತಾನೇ ಇಳಿಯುತ್ತೆ. ಶಾಖ ನೋಡಲು ಅಂಗೈಯನ್ನು ಕಂಬಿಯಿಂದ ಒಂದು ಗೇಣು ಮೇಲೆ ಹಿಡಿಯಿರಿ. ಎರಡು ಮೂರು ಸೆಕೆಂಡಿಗೇ ಕೈ ತೆಗೆಯಬೇಕಾದರೆ ಜೋರು ಬೆಂಕಿ. ಐದಾರು ಸೆಕೆಂಡು ತಡೆದರೆ ಕೋಳಿಗೆ ಹದ.

ಇದ್ದಿಲನ್ನೂ ನೋಡಿ ಕೊಳ್ಳಿ. ನಮಗೆ ಬರುವುದು ಹೆಚ್ಚಾಗಿ ಬಳ್ಳಾರಿ ಜಾಲಿಯದು. ಚೆನ್ನಾಗಿ ಬೆಂದ ತುಂಡು ಒಂದಕ್ಕೊಂದು ತಾಗಿಸಿದರೆ ಟಣ್ ಅನ್ನುತ್ತೆ. ಮಧ್ಯೆ ಕಂದು ಬಣ್ಣ ಕಂಡರೆ ಅರೆಬೆಂದದ್ದು, ಕಣ್ಣುರಿಸುವ ಹೊಗೆ ಕೊಡುತ್ತೆ. ತೂಕ ಬರಲಿ ಅಂತ ನೀರು ಚಿಮುಕಿಸುವವರು ನಮ್ಮ ವ್ಯಾಪಾರದಲ್ಲೂ ಇದ್ದಾರೆ, ಮುಚ್ಚಿಡುವುದೇನು. ಒದ್ದೆ ಇದ್ದಿಲು ಚಟಪಟ ಸಿಡಿದು ಕಿಡಿ ಹಾರಿಸುತ್ತೆ.

ಮಳೆ ಬಂತು ಅಂತಲೋ ಚಳಿ ಅಂತಲೋ ಕೆಂಡದ ಒಲೆಯನ್ನು ರೂಮಿಗೆ, ಟೆಂಟಿಗೆ ಮಾತ್ರ ಒಯ್ಯಬೇಡಿ. ಹೊಗೆ ಇಲ್ಲದ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಬರುತ್ತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಅಂತ ಮಲಗಿದವರು ಏಳುವುದೇ ಇಲ್ಲ. ಊಟ ಮುಗಿದ ಮೇಲೆ ಬೂದಿಯನ್ನು ಕಬ್ಬಿನ ತರಗಿನ ಪಕ್ಕ ಚೆಲ್ಲುವವರಿಗೂ ಒಂದು ಮಾತು. ಮೇಲೆ ತಣ್ಣಗಿದ್ದರೂ ಒಳಗಿನ ಕೆಂಡ ಮಾರನೇ ದಿನದವರೆಗೂ ಇರಬಹುದು. ನೀರು ಹಾಕಿ, ಕೋಲಿನಿಂದ ಕಲಸಿ, ಮತ್ತೆ ನೀರು ಹಾಕಿ.

ರೆಸಾರ್ಟಿನವರು ಒಲೆ ಬಾಡಿಗೆಗೆ ಕೊಡುತ್ತಾರೆ, ಇದ್ದಿಲಿಗೂ ದುಡ್ಡು ತಗೊಳ್ಳುತ್ತಾರೆ. ಜೊತೆಗೆ ಇಂಥದೊಂದು ಡಬ್ಬ, ಉದ್ದ ಇಕ್ಕಳ, ಒಂದು ಬಕೆಟ್ ನೀರು ಕೊಟ್ಟರೆ ಅವರ ಗಂಟೇನೂ ಹೋಗಲ್ಲ ಅಲ್ವಾ? ತಗಡಿನ ಕೆಲಸದವರು ಇಂಥ ಡಬ್ಬ ಮಾಡಿಕೊಟ್ಟರೆ ನನ್ನ ಅಂಗಡಿಯಲ್ಲೇ ಇಟ್ಟು ಮಾರುತ್ತೇನೆ, ಲಾಭವೂ ಬೇಡ. ಬಂಕಿನವರು ಬಾಟಲಿ ಹಿಡಿದು ಬಂದ ಹುಡುಗರಿಗೆ ಪೆಟ್ರೋಲ್ ಹಾಕದೆ ವಾಪಸ್ ಕಳಿಸಲಿ.

ಇಂತಿ,
ಇದ್ದಿಲು ವ್ಯಾಪಾರಿ, ಮಂಡ್ಯ