ಭಾನುವಾರದ ಪದ: ‘ಪೆಸ್ಟ್’

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6 ಗಂಟೆಗೆ ಇದೇ ಗುಂಪಿನಲ್ಲಿ ನಮ್ಮ ಪದ ಚರ್ಚೆ. ಈ ಸಲ ‘ಪೆಸ್ಟ್’. ಹೊಸದಾಗಿ ಸೇರಿದವರೂ ಬನ್ನಿ, ಏನೂ ಓದಿಕೊಂಡಿರಬೇಕಿಲ್ಲ.

ಬೆಳೆ ತಿನ್ನುವ ಹುಳಕ್ಕೂ, ಬಿಡದೆ ತಲೆ ತಿನ್ನುವ ಮನುಷ್ಯನಿಗೂ ಇಂಗ್ಲಿಷಿನಲ್ಲಿ ಇದೇ ಪದ ಅಲ್ವಾ? ಇದರ ಬೇರು ಲ್ಯಾಟಿನ್‌ನ ‘ಪೆಸ್ಟಿಸ್’. ಅಂದರೆ ಮಾರಕ ಸಾಂಕ್ರಾಮಿಕ ರೋಗ. ಫ್ರೆಂಚಿನ ‘ಪೆಸ್ತ್’ ಮೂಲಕ ಇದು 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಫ್ರೆಂಚರು ಪ್ಲೇಗಿಗೆ ಇವತ್ತಿಗೂ ‘ಪೆಸ್ತ್’ ಅಂತಲೇ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಮಾತ್ರ ಸಾವಿನ ಭಯ ಕರಗಿ ಬರೀ ಕಿರಿಕಿರಿ ಉಳಿಯಿತು. ನಮ್ಮ ‘ಪಿಡುಗು’ ನೋಡಿ, ರೋಗಕ್ಕೂ ಆಗುತ್ತದೆ, ಲಂಚಕ್ಕೂ ಆಗುತ್ತದೆ. ನನಗೆ ಜಾಸ್ತಿ ಇಷ್ಟವಾಗಿದ್ದು ಈ ಹೋಲಿಕೆಯೇ.

‘ಪೆಸ್ಟರ್’ ಕೂಡ ಇದೇ ಮನೆಯದು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅಲ್ಲ. ಮೇಯಲು ಬಿಟ್ಟ ಕುದುರೆ ದೂರ ಹೋಗದಂತೆ ಕಾಲಿಗೆ ಹಗ್ಗ ಕಟ್ಟುತ್ತಾರಲ್ಲ, ಆ ತೊಡಕಿಗೆ ಸಂಬಂಧಪಟ್ಟ ಹಳೆಯ ಫ್ರೆಂಚ್ ಪದದಿಂದ ಅದು ಬಂದಿದೆ. ಕಾಟ ಕೊಡುವುದು ಅನ್ನುವ ಅರ್ಥ ಆಮೇಲೆ ಬಂತು. ‘ಪೆಸ್ಟ್’ ಜೊತೆ ದನಿ ಹೊಂದಿದ್ದೂ ಅದಕ್ಕೊಂದು ಕಾರಣ.

ಬರುವವರು ಶನಿವಾರ ರಾತ್ರಿಯೊಳಗೆ ‘ಬರುತ್ತೇನೆ’ ಅಂತ ಹಾಕಿ. ಜೊತೆಗೆ ಪೀಡೆ, ಕಾಟ, ಪಿಡುಗು, ಉಪದ್ರವ, ಇವುಗಳಲ್ಲಿ ಒಂದನ್ನು ಬಳಸಿ ನಿಮ್ಮದೇ ಒಂದು ವಾಕ್ಯ ಬರೆದು ಕಳಿಸಿ. ಚರ್ಚೆ ನಡೆಯುವಾಗ ದಯವಿಟ್ಟು ಬೇರೆ ಫಾರ್ವರ್ಡ್ ಬೇಡ.